ತಿದ್ದಣ್ಣ ತಿದ್ದದೆ ಉಳಿಸಿದ ಎರಡು ತಪ್ಪು

ಎಲ್ಲರಿಗೂ ನಮಸ್ಕಾರ.

ಎರಡು ಬೈಂಡಿಂಗ್ ಮೇಜುಗಳನ್ನು ಒತ್ತಿ ನಿಲ್ಲಿಸಿ ವೇದಿಕೆ ಎಂದು ಕರೆಯುತ್ತಿರುವ ಈ ಜಾಗದ ಎದುರು ಕುಳಿತಿರುವ ಅತ್ತಿಗೆಯವರೇ, ಅವರ ಮಗಳೇ, ನಮ್ಮ ಮುದ್ರಣಾಲಯದ ಯಜಮಾನರೇ, ಬೈಂಡಿಂಗ್ ವಿಭಾಗದ ಹಿರಿಯರಾದ ಹೊಲಿಗೆ ಮಾವನವರೇ, ಆಸ್ಪತ್ರೆಯಿಂದ ಬಿಡುವು ಮಾಡಿಕೊಂಡು ಬಂದಿರುವ ಡಾಕ್ಟರ್ ಮೇಡಂ ಅವರೇ, ಮತ್ತು — ಕುರ್ಚಿ ಕೊಟ್ಟರೂ ಒಲ್ಲೆನೆಂದು ಹಿಂದೆ ಕಾಗದದ ರೀಮುಗಳ ಮೇಲೆ ಕುಳಿತಿರುವ ಶಾಯಣ್ಣನವರೇ.

ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಇಂಥ ಸಂತಾಪ ಸಭೆಗೆ ಎಂಥ ಮುಖ ಹೊತ್ತು ಬರಬೇಕೋ ಅಂಥ ಮುಖ ಇವತ್ತು ನನ್ನ ಹತ್ತಿರ ಇಲ್ಲ. ಹನ್ನೊಂದು ದಿನ ಇತ್ತು. ನಿನ್ನೆ ಮಧ್ಯಾಹ್ನದ ಊಟದ ಬಿಡುವಿನವರೆಗೂ ಇತ್ತು. ಊಟ ಮುಗಿಸಿ ತಿದ್ದಣ್ಣನ ಮೇಜಿನ ಡ್ರಾಯರ್ ಖಾಲಿ ಮಾಡಲು ಕುಳಿತೆ. ಅದರ ತಳದಲ್ಲಿ ಒಂದು ಲಕೋಟೆ ಸಿಕ್ಕಿತು. ಆಗಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಲಕೋಟೆ ಇಲ್ಲೇ ಇದೆ — ಈ ಜೇಬಿನಲ್ಲಿ. ಈಗಲೇ ತೆಗೆಯುವುದಿಲ್ಲ. ತೆಗೆದರೆ ನೀವು ಯಾರೂ ನನ್ನ ಭಾಷಣ ಕೇಳುವುದಿಲ್ಲ.

ಬೆಳಿಗ್ಗೆ ಅತ್ತಿಗೆಯ ಹತ್ತಿರ ಹೋಗಿ, "ಅತ್ತಿಗೆ, ಇವತ್ತೊಂದಿನ ಪ್ರಾಸ ಹೊಡೆಯಲ್ಲ, ನೆಟ್ಟಗೆ ಮಾತಾಡ್ತೀನಿ" ಎಂದು ಮಾತು ಕೊಟ್ಟೆ.

ಅವರು, "ನಿಮ್ಮಣ್ಣ ಇದ್ದಿದ್ರೆ ಅದನ್ನೇ ತಪ್ಪು ಅಂತ ಗುರುತು ಹಾಕಿರೋರು. ಬರೋ ಹಾಗೆ ಮಾತಾಡಪ್ಪ" ಎಂದರು.

ಹಾಗಾಗಿ, ಬರುವ ಹಾಗೆ ಮಾತಾಡುತ್ತೇನೆ.

ಹೊರಗಿನಿಂದ ಬಂದವರಿಗಾಗಿ ಹೇಳುತ್ತೇನೆ. ತಿದ್ದಣ್ಣ ಈ ಮುದ್ರಣಾಲಯದಲ್ಲಿ ಮೂವತ್ತೊಂದು ವರ್ಷ ಪ್ರೂಫ್ ತಿದ್ದಿದವರು. ಶಾಲೆಯ ಪುಸ್ತಕ, ಮದುವೆಯ ಕರೆಯೋಲೆ, ಔಷಧಿ ಡಬ್ಬಿಯ ಚೀಟಿ — ಅವರ ಕೆಂಪು ಪೆನ್ನು ದಾಟದೆ ಇಲ್ಲಿಂದ ಒಂದು ಅಕ್ಷರವೂ ಆಚೆ ಹೋಗುತ್ತಿರಲಿಲ್ಲ. ನಾನು ಕಂಪ್ಯೂಟರಿನಲ್ಲಿ ಪುಟ ಜೋಡಿಸುವವನು. ಹೊಸ ಹುಡುಗರು ನನ್ನನ್ನು ಪ್ರಾಸಣ್ಣ ಅನ್ನುತ್ತಾರೆ. ತಿದ್ದಣ್ಣ ಬರೀ ಪ್ರಾಸ ಅನ್ನುತ್ತಿದ್ದರು. ಇನ್ನು ಶಾಯಣ್ಣ — ತಿದ್ದಣ್ಣನ ಒಡಹುಟ್ಟಿದ ತಮ್ಮ, ನಮ್ಮ ದೊಡ್ಡ ಮಿಷನ್ ನಡೆಸುವವರು. ಆ ಕೈಗಳನ್ನು ಶಾಯಿ ಇಲ್ಲದೆ ನೋಡಿದವರು ಈ ಕೋಣೆಯಲ್ಲಿ ಯಾರೂ ಇರಲಾರರು.

ಶಾಯಣ್ಣನ ವಿಷಯವನ್ನೂ ಈಗಲೇ ಹೇಳಿಬಿಡುತ್ತೇನೆ. ಹೇಳಲು ಅವರ ಒಪ್ಪಿಗೆ ಇದೆ. "ಹೇಳ್ಕೊ, ಇಡೀ ಪ್ರೆಸ್ಸಿಗೇ ಗೊತ್ತಿರೋದನ್ನ ಗುಟ್ಟು ಮಾಡಿ ನಂಗೇನಾಗ್ಬೇಕು" ಎಂದರು. ಅಣ್ಣನಿಗಿದ್ದ ಕಾಯಿಲೆ ತಮ್ಮನಿಗೂ ಇದೆ. ಅಣ್ಣ ಹೋದ ಮರುದಿನ ರಿಪೋರ್ಟು ಬಂತು. ಬರುವ ಸೋಮವಾರ ಅವರು ಡಾಕ್ಟರ್ ಮೇಡಂ ಹತ್ತಿರ ಹೋಗಬೇಕು. ಹೋಗುವುದಿಲ್ಲ ಎಂದು ಕುಳಿತಿದ್ದಾರೆ. ನಾನು ಇವತ್ತು ಇಲ್ಲಿ ನಿಂತಿರುವುದು ತಿದ್ದಣ್ಣನಿಗೆ ನಮಸ್ಕಾರ ಹೇಳುವುದಕ್ಕೆ, ನಿಜ — ಆದರೆ ಅರ್ಧ ಅದಕ್ಕೆ. ಇನ್ನರ್ಧ ಆ ಸೋಮವಾರಕ್ಕೆ.

ಈಗ ಕುರ್ಚಿಯ ಕಥೆ.

ಐದು ವರ್ಷದ ಹಿಂದೆ ತಿದ್ದಣ್ಣನಿಗೆ ಸೊಂಟ ನೋವು ಬಂತು. ದಿನವಿಡೀ ಬಗ್ಗಿ ಅಕ್ಷರ ನೋಡುವವರಿಗೆ ಸೊಂಟ ನೋಯದೆ ಇನ್ನೇನಾದೀತು ಎಂದು ನಾವೆಲ್ಲ ಸೇರಿ ತೀರ್ಮಾನ ಮಾಡಿದೆವು. ಯಜಮಾನರು ಹೊಸ ಕುರ್ಚಿ ತರಿಸಿದರು. ನೋವು ಹೋಗಲಿಲ್ಲ. ಇನ್ನೊಂದು ಕುರ್ಚಿ ಬಂತು, ಚಕ್ರ ಇರುವುದು. ಅದರಲ್ಲಿ ಕುಳಿತು ಬೈಂಡಿಂಗ್ ವಿಭಾಗದವರೆಗೂ ಜಾರಿಕೊಂಡು ಹೋಗುತ್ತಿದ್ದರು, ನೋವು ಹಿಂದೆಯೇ ಜಾರಿಕೊಂಡು ಬರುತ್ತಿತ್ತು. ಮೂರನೆಯದಕ್ಕೆ ಹೊಲಿಗೆ ಮಾವ ತಾವೇ ಕೂತು ದಿಂಬು ಹೊಲಿದರು. ಆ ಕುರ್ಚಿ ಅಲ್ಲಿದೆ, ದಿಂಬಿನ ಸಮೇತ. ಎಂಟು ತಿಂಗಳು, ಮೂರು ಕುರ್ಚಿ. ಕುರ್ಚಿ ಬದಲಾಯಿತು, ಕುಶನ್ನು ಬದಲಾಯಿತು, ಕಾರಣ ಮಾತ್ರ ಹಾಗೇ ಕುಳಿತಿತ್ತು. ಕೊನೆಗೆ ಅತ್ತಿಗೆ ಕೈಹಿಡಿದು ಎಳೆದುಕೊಂಡು ಆಸ್ಪತ್ರೆಗೆ ಹೋದರು. ಅಲ್ಲಿ ತಿಳಿಯಿತು, ಅದು ಕುರ್ಚಿಯ ತಪ್ಪಲ್ಲ. ಪ್ರಾಸ್ಟೇಟ್ ಕ್ಯಾನ್ಸರು, ಬೆನ್ನುಮೂಳೆಯವರೆಗೂ ಹೋಗಿಯಾಗಿತ್ತು.

ಮರುದಿನ ಬಂದು ನನ್ನ ಪಕ್ಕ ನಿಂತು, "ಲೋ ಪ್ರಾಸ, ನಿನ್ನ ಹೆಸರು ನಂಗೆ ಅಂಟ್ಕೊಂಡಿದೆ ಕಣೋ" ಎಂದರು. ನನಗೆ ಅರ್ಥವಾಗಲಿಲ್ಲ. "ಪ್ರಾಸ್ಟೇಟು. ಮೊದಲಕ್ಷರ ನೋಡು. ಮುಂದಿನದು ಅಷ್ಟು ಚೆನ್ನಾಗಿಲ್ಲ" ಎಂದರು. ಹಾಗೆ ಹೇಳಿದರು ನೋಡಿ, ಇಂಥ ಸುದ್ದಿಯನ್ನು.

ನಾನು, "ಎಲ್ಲಿರುತ್ತೆ ಅದು?" ಎಂದು ಕೇಳಿದೆ. ನಲವತ್ತೊಂದು ವಯಸ್ಸು, ಪದವಿ ಓದಿದವನು, ಎರಡು ಮಕ್ಕಳ ತಂದೆ. ನನ್ನೊಳಗೆ ಇರುವ ವಸ್ತು ಎಲ್ಲಿದೆ ಎಂದು ಗೊತ್ತಿರಲಿಲ್ಲ.

"ಮೂತ್ರಕೋಶದ ಕೆಳಗೆ, ಒಂದು ಅಕ್ರೋಟು ಗಾತ್ರ. ಮೂತ್ರದ ನಾಳ ಅದರ ನಡುವೆ ಹಾದು ಹೋಗುತ್ತೆ. ನಂಗೂ ನಿನ್ನೆವರೆಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಪ್ರೂಫ್ ನೋಡಿದೀನಿ, ಈ ಪುಟ ಯಾರೂ ತಂದೇ ಕೊಟ್ಟಿರಲಿಲ್ಲ."

ಅಲ್ಲಿಂದ ಶುರುವಾಯಿತು. ಇಂಜೆಕ್ಷನ್ ಆಯಿತು, ಔಷಧಿ ಆಯಿತು, ಬೆನ್ನಿಗೆ ವಿಕಿರಣ ಆಯಿತು. ಇಂಜೆಕ್ಷನ್ ಹಾರ್ಮೋನಿನದು. ಚಳಿಯಲ್ಲಿ ನಾವೆಲ್ಲ ಸ್ವೆಟರು ಹಾಕಿಕೊಂಡಿದ್ದರೆ ಇವರು ಫ್ಯಾನಿನ ಕೆಳಗೆ ಬೆವರುತ್ತಾ ಕೂರುತ್ತಿದ್ದರು. ಒಂದು ದಿನ ಅತ್ತಿಗೆ ಊಟದ ಡಬ್ಬಿ ತಂದಾಗ ನಮ್ಮೆಲ್ಲರ ಎದುರೇ, "ನಿಂಗೆ ನಲವತ್ತೊಂಬತ್ತಾದಾಗ ಸೆಖೆ ಅಂತ ಫ್ಯಾನ್ ಹಾಕು ಅಂದಿದ್ದಕ್ಕೆ ನಾನು ಬೈದಿದ್ದೆ. ತಪ್ಪಾಯ್ತು" ಎಂದರು. ಅತ್ತಿಗೆ ನಕ್ಕರು — ಈಗಲೂ ನಗುತ್ತಿದ್ದಾರೆ ನೋಡಿ. ಹದಿನಾಲ್ಕು ವರ್ಷ ತಡವಾಗಿ ಬಂದ ತಿದ್ದುಪಡಿ ಅದು.

ಆ ನಗುವಿನ ದಿನವೇ ಅವರಿಗೆ ಹೊಳೆದಿರಬೇಕು. ಹಳೆಯ ಅಚ್ಚಿನ ಮೊಳೆ ಇಡುತ್ತಿದ್ದ ಮರದ ಪೆಟ್ಟಿಗೆಯೊಂದನ್ನು ತಂದು ನೀರಿನ ಕ್ಯಾನಿನ ಪಕ್ಕ ಇಟ್ಟರು. ಮೇಲೆ ಒಂದು ಚೀಟಿ: "ಕೇಳಲು ನಾಚಿಕೆ ಆಗುವುದನ್ನು ಬರೆದು ಹಾಕಿ. ಹೆಸರು ಬೇಡ. ಉತ್ತರ ಸೂಚನಾ ಫಲಕದಲ್ಲಿ. ನನಗೆ ಗೊತ್ತಿಲ್ಲದ್ದನ್ನು ಡಾಕ್ಟರನ್ನು ಕೇಳಿ ಹಾಕುತ್ತೇನೆ."

ಒಂದು ವಾರ ಪೆಟ್ಟಿಗೆ ಖಾಲಿ. ಯಾಕೆಂದರೆ ಇದು ಮುದ್ರಣಾಲಯ — ಯಾರ ಕೈಬರಹ ಯಾರದ್ದೆಂದು ಎಲ್ಲರಿಗೂ ಗೊತ್ತು. ಆಮೇಲೆ ಯಾವನೋ ಬುದ್ಧಿವಂತ ಕಂಪ್ಯೂಟರಿನಲ್ಲಿ ಟೈಪ್ ಮಾಡಿ, ಪ್ರಿಂಟು ತೆಗೆದು, ಕತ್ತರಿಸಿ ಹಾಕಿದ. ಅದನ್ನು ನೋಡಿ ಎಲ್ಲರೂ ಹಾಗೇ ಮಾಡಿದರು. ಒಂದೇ ಅಕ್ಷರ, ಒಂದೇ ಗಾತ್ರ, ಒಂದೇ ಕಾಗದ. ಬ್ರಹ್ಮನಿಗೂ ಗುರುತು ಸಿಗಬಾರದು.

ಬ್ರಹ್ಮನಿಗೆ ಸಿಗಲಿಲ್ಲ. ತಿದ್ದಣ್ಣನಿಗೆ ಸಿಕ್ಕಿತು.

ಮೂವತ್ತೊಂದು ವರ್ಷ ನಮ್ಮ ತಪ್ಪು ತಿದ್ದಿದ ಮನುಷ್ಯ. ಯಾರು ದೀರ್ಘ ಬಿಡುತ್ತಾರೆ, ಯಾರು ಒತ್ತಕ್ಷರ ನುಂಗುತ್ತಾರೆ, ಯಾರಿಗೆ ಹಕಾರ ಬರುವುದಿಲ್ಲ, ಯಾರಿಗೆ ಬೇಡದ ಕಡೆಯೆಲ್ಲ ಬರುತ್ತದೆ — ಎಲ್ಲವೂ ಅವರ ತಲೆಯೊಳಗೆ ಇತ್ತು. "ರಾತ್ರಿ ಮೂರು ಸಲ ಹೇಳುತ್ತೇನೆ, ಇದು ಕ್ಯಾನ್ಸರಾ" ಎಂಬ ಚೀಟಿ ಬಂತು. ಏಳುವುದಕ್ಕೆ ಹೇಳುವುದು ಎಂದು ಬರೆಯುವವರು ಇಲ್ಲಿ ಒಬ್ಬರೇ. ತಿದ್ದಣ್ಣ ಹೊಲಿಗೆ ಮಾವನ ಹತ್ತಿರ ಹೋಗಿ, "ಮಾವ, ಮೂರು ಸಲ ಎದ್ದು ಯಾರಿಗೆ ಏನು ಹೇಳ್ತೀರಿ?" ಎಂದು ಕೇಳಿದರು.

ಆದರೆ ಫಲಕದಲ್ಲಿ ಹೆಸರು ಹಾಕಲಿಲ್ಲ. ಚೀಟಿಯ ತಪ್ಪನ್ನು ಮೊದಲು ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದರು, ಅದರ ಕೆಳಗೆ ಉತ್ತರ ಬರೆಯುತ್ತಿದ್ದರು. ಮಾವನ ಪ್ರಶ್ನೆಗೆ ಬರೆದ ಉತ್ತರ ನನಗೆ ಬಾಯಿಪಾಠವಾಗಿದೆ: "ವಯಸ್ಸಾದಂತೆ ಆ ಗ್ರಂಥಿ ಸುಮ್ಮನೆ ದಪ್ಪಗಾಗುತ್ತದೆ. ಪದೇ ಪದೇ ಎದ್ದು ಹೋಗುವುದಕ್ಕೆ ಬಹಳ ಸಲ ಅದೇ ಕಾರಣ, ಕ್ಯಾನ್ಸರ್ ಅಲ್ಲ. ಆದರೂ ತೋರಿಸಿಕೊಳ್ಳಿ. ಇನ್ನೊಂದು ಮಾತು. ಈ ಕ್ಯಾನ್ಸರು ಶುರುವಿನಲ್ಲಿ ಬಾಗಿಲು ತಟ್ಟುವುದೇ ಇಲ್ಲ. ನನಗೆ ಮೂತ್ರದ ತೊಂದರೆ ಒಂದು ದಿನವೂ ಇರಲಿಲ್ಲ. ಕುರ್ಚಿಯ ತೊಂದರೆ ಮಾತ್ರ ಇತ್ತು."

ಆಮೇಲೆ ಪೆಟ್ಟಿಗೆ ತುಂಬತೊಡಗಿತು. ನಮ್ಮಂಥ ಗಂಡಸರು, ನೋಡಿ — ಟೀ ಕುಡಿಯುತ್ತಾ ಲೋಕದ ಎಲ್ಲ ವಿಷಯಕ್ಕೂ ತೀರ್ಪು ಕೊಡುವವರು — ಒಳಗೊಳಗೇ ಎಷ್ಟು ಪ್ರಶ್ನೆ ಇಟ್ಟುಕೊಂಡು ಓಡಾಡುತ್ತಿದ್ದೆವು. ಸೈಕಲ್ ತುಳಿದರೆ ಬರುತ್ತದೆಯೇ? "ಬರುವುದಿಲ್ಲ. ಆದರೆ ರಕ್ತ ಪರೀಕ್ಷೆಗೆ ಮುಂಚೆ ಎರಡು ದಿನ ಸೈಕಲ್ ಬಿಡಿ, ಲೆಕ್ಕ ಸುಳ್ಳೇ ಏರಬಹುದು. ಏನೇನು ಬಿಡಬೇಕು ಅಂತ ಡಾಕ್ಟರನ್ನೇ ಕೇಳಿ, ಸೈಕಲ್ ಒಂದೇ ಅಲ್ಲ." ಹೆಂಡತಿಗೆ ಅಂಟುತ್ತದೆಯೇ? "ಇಲ್ಲ. ಹೆಂಡತಿಗೆ ಅಂಟುವುದು ನಿಮ್ಮ ಚಿಂತೆ. ಅದನ್ನು ಬಚ್ಚಿಟ್ಟಷ್ಟೂ ಜಾಸ್ತಿ ಅಂಟುತ್ತದೆ." ರಕ್ತದಲ್ಲಿ ಪಿಎಸ್ಎ — ಆ ಗ್ರಂಥಿ ರಕ್ತಕ್ಕೆ ಬಿಡುವ ಅಂಶ — ಜಾಸ್ತಿ ಬಂದರೆ ಮುಗಿಯಿತೇ? "ಇಲ್ಲ. ಸೋಂಕಿಗೂ ಏರುತ್ತದೆ, ಗ್ರಂಥಿ ದಪ್ಪಗಾದರೂ ಏರುತ್ತದೆ. ಅದು ಪ್ರೂಫಿನ ಅಂಚಿನಲ್ಲಿ ಹಾಕುವ ಪ್ರಶ್ನೆ ಗುರುತಿನ ಹಾಗೆ — 'ಇನ್ನೊಮ್ಮೆ ನೋಡಿ' ಅಂತ. ತಪ್ಪೇ ಇದೆ ಅಂತಲ್ಲ."

ಎಲ್ಲಕ್ಕಿಂತ ಹೆಚ್ಚು ಬಂದದ್ದು ಆ — ಮೇಡಂ ಇದ್ದಾರೆ, ಹೇಗೆ ಹೇಳಲಿ — ಹಿಂಬದಿಯಿಂದ ಮಾಡುವ ಬೆರಳಿನ ಪರೀಕ್ಷೆಯ ಪ್ರಶ್ನೆ. ಹನ್ನೊಂದು ಚೀಟಿ. ಇಲ್ಲಿ ಕೆಲಸ ಮಾಡುವ ಗಂಡಸರು ಹದಿನಾಲ್ಕು. ಉಳಿದ ಮೂವರು ಯಾರು, ಧೈರ್ಯವಂತರೋ, ಟೈಪಿಂಗ್ ಬಾರದವರೋ, ಇವತ್ತಿಗೂ ತಿಳಿದಿಲ್ಲ. ಹನ್ನೊಂದಕ್ಕೂ ಸೇರಿ ಒಂದೇ ಉತ್ತರ: "ಸಾಮಾನ್ಯವಾಗಿ ಮೊದಲು ರಕ್ತ ಪರೀಕ್ಷೆ. ಬೆರಳಿನದು ಎಲ್ಲರಿಗೂ ಬೇಕಾಗುವುದಿಲ್ಲ. ನನಗೆ ಮಾಡಿದರು. ಗೋಡೆ ನೋಡುತ್ತಾ ಇಪ್ಪತ್ತರವರೆಗೆ ಎಣಿಸೋಣ ಅಂತ ಶುರು ಮಾಡಿದೆ. ಏಳಕ್ಕೆ ಮುಗಿಯಿತು. ಎಂಟು ತಿಂಗಳು ಸೊಂಟ ಹಿಡಿದು ಕುಳಿತವನು ನಾನು, ಏಳು ಎಣಿಸಲು ಹೆದರಿ."

ನನ್ನದೂ ಒಂದು ಚೀಟಿ ಇತ್ತು. ಬಹಳ ಹುಷಾರಾಗಿ, ಒಂದೂ ಕಾಗುಣಿತದ ತಪ್ಪಿಲ್ಲದೆ ಟೈಪ್ ಮಾಡಿದ್ದೆ. ಮೂರು ಸಲ ಓದಿ ನೋಡಿದ್ದೆ. ಇದರಲ್ಲಿ ನನ್ನನ್ನು ಹಿಡಿಯಲಿ ನೋಡೋಣ ಎಂದು ಪೆಟ್ಟಿಗೆಗೆ ಹಾಕಿದೆ. ಏನು ಬರೆದಿದ್ದೆ ಗೊತ್ತೇ? "ಆಪರೇಷನ್ ಆದಮೇಲೆ ಸಂಸಾರ ಸಾಗುತ್ತಾ, ಇಲ್ಲಾ ಗಂಡಸುತನಕ್ಕೆ ಗ್ರಹಣ ಆಗುತ್ತಾ?"

ಮರುದಿನ ಫಲಕದ ಮೇಲೆ: "ಕೇಳಿದವರು ಪ್ರಾಸ ಬಿಟ್ಟು ಕೇಳಿದ್ದರೆ ಗುರುತು ಸಿಗುತ್ತಿರಲಿಲ್ಲ."

ಎರಡು ವಾರ ನಾನು ಟೀ ಕುಡಿಯಲು ಹೊರಗೆ ಬರಲಿಲ್ಲ. ಆದರೆ ಆ ತಮಾಷೆಯ ಕೆಳಗೆ ಉತ್ತರವೂ ಇತ್ತು, ಅದು ತಮಾಷೆಯಾಗಿರಲಿಲ್ಲ: "ಕೆಲವರಿಗೆ ತೊಂದರೆ ಆಗುತ್ತದೆ. ಮೂತ್ರ ತಡೆಯಲು ಕಷ್ಟ ಆಗಬಹುದು, ಹಾಸಿಗೆಯಲ್ಲೂ ಕಷ್ಟ ಆಗಬಹುದು. ಕೆಲವರಿಗೆ ತಿಂಗಳುಗಳಲ್ಲಿ ಸರಿಹೋಗುತ್ತದೆ, ಕೆಲವರಿಗೆ ಪೂರ್ತಿ ಸರಿಹೋಗುವುದಿಲ್ಲ. ಅದಕ್ಕೂ ಔಷಧಿ ಇದೆ, ವ್ಯಾಯಾಮ ಇದೆ. ಚಿಕಿತ್ಸೆಗೆ ಮುಂಚೆಯೇ ಡಾಕ್ಟರ ಹತ್ತಿರ ಬಾಯಿಬಿಟ್ಟು ಕೇಳಿ. ಹೆಂಡತಿಯನ್ನೂ ಕರೆದುಕೊಂಡು ಹೋಗಿ. ನನಗೆ ಇಂಜೆಕ್ಷನ್ನಿನಿಂದ ಆ ಆಸೆಯೇ ಹೋಗಿದೆ. ನಾವಿಬ್ಬರೂ ಅದರ ಬಗ್ಗೆ ಮಾತಾಡಿದೆವು. ಮೂವತ್ತು ವರ್ಷದಲ್ಲಿ ಆಡದ ಮಾತೆಲ್ಲ ಆಡಿದೆವು."

ಇದನ್ನು ಅವರು ಫಲಕಕ್ಕೆ ಅಂಟಿಸಿದ್ದರು, ಸ್ವಾಮಿ. ರಜೆ ಪಟ್ಟಿಯ ಪಕ್ಕದಲ್ಲಿ.

ಹೀಗೆ ಎಲ್ಲರೂ ಕೇಳಿದರು, ಒಬ್ಬರನ್ನು ಬಿಟ್ಟು. ಶಾಯಣ್ಣ ಆ ಪೆಟ್ಟಿಗೆಯ ಕಡೆ ತಿರುಗಿಯೂ ನೋಡಲಿಲ್ಲ. ನೀರು ಕುಡಿಯಲು ಬಂದರೆ ಪೆಟ್ಟಿಗೆಗೆ ಬೆನ್ನು ಮಾಡಿ ಕುಡಿಯುತ್ತಿದ್ದರು. ಅಣ್ಣನಿಗೆ ಬಂದಿದ್ದರೆ ತಮ್ಮನಿಗೆ ಅಪಾಯ ಜಾಸ್ತಿ, ನಲವತ್ತೈದರ ಹೊತ್ತಿಗೇ ಡಾಕ್ಟರ ಹತ್ತಿರ ಮಾತಾಡಬೇಕು ಎಂದು ಮೇಡಂ ಮೊದಲ ದಿನವೇ ಹೇಳಿದ್ದರಂತೆ. ಶಾಯಣ್ಣನಿಗೆ ಆಗ ಐವತ್ತು. ತಿದ್ದಣ್ಣ ಮನೆಯಲ್ಲಿ ಹೇಳಿದರು, ಮಿಷನ್ ಹತ್ತಿರ ಹೇಳಿದರು, ಅತ್ತಿಗೆಯಿಂದ ಹೇಳಿಸಿದರು. ಶಾಯಣ್ಣನದು ಒಂದೇ ಉತ್ತರ: "ನಂಗೇನಾಗಿದೆ, ಮಿಷನ್ ಥರ ಇದೀನಿ." ತಿದ್ದಣ್ಣ ಬಂದು ನನ್ನ ಹತ್ತಿರ ಗೊಣಗುತ್ತಿದ್ದರು — "ಮಿಷನ್ನಿಗೆ ತಿಂಗಳಿಗೊಂದ್ಸಲ ಎಣ್ಣೆ ಬಿಡ್ತಾನೆ. ತನಗೆ ಒಂದ್ಸಲ ರಕ್ತ ಕೊಡಲ್ಲ."

ಈಗ ಪುಸ್ತಕದ ವಿಷಯಕ್ಕೆ ಬರುತ್ತೇನೆ. ಫಲಕದ ಮಾತು ಮೇಡಂ ಕಿವಿಗೆ ಬಿತ್ತು. ಎಲ್ಲ ಉತ್ತರಗಳನ್ನೂ ತಾವೇ ನೋಡಿ, ತಪ್ಪಿದ್ದನ್ನು ಸರಿಮಾಡಿ, ಚಿಕ್ಕ ಪುಸ್ತಕ ಮಾಡೋಣ ಎಂದರು. ತಿದ್ದಣ್ಣನ ಉತ್ಸಾಹ ನೀವು ನೋಡಬೇಕಿತ್ತು. ಇಂಜೆಕ್ಷನ್ ಹಾಕಿಸಿಕೊಂಡು ಸೀದಾ ಇಲ್ಲಿಗೆ ಬರುತ್ತಿದ್ದರು. ಹೆಸರು ಅವರದೇ: "ಗಂಡಸರ ಗ್ರಂಥಿ". ಕೆಳಗಿನ ಸಾಲು ನನ್ನದು: "ಕೇಳಲು ನಾಚುವ ಪ್ರಶ್ನೆಗಳು, ಹೇಳಲು ನಾಚದ ಉತ್ತರಗಳು". ಎಂಟು ಸಾವಿರ ಪ್ರತಿ.

ಮುಂದಿನದು ನಿಮಗೆಲ್ಲ ಗೊತ್ತು. ಮುಖಪುಟದ ಹೊದಿಕೆ ಜೋಡಿಸಿದವನು ನಾನು. ಗ್ರಂಥಿಯ ಗುಡಿಸು ಬಿಟ್ಟವನೂ ನಾನು. ಎಂಟು ಸಾವಿರ ಪುಸ್ತಕದ ಮೇಲೂ ದಪ್ಪ ಅಕ್ಷರದಲ್ಲಿ — "ಗಂಡಸರ ಗ್ರಂಥ".

ಯಜಮಾನರು ಅವತ್ತು ಕೂಗಿದ್ದು ನನಗೆ ನೆನಪಿದೆ. ಅವರಿಗೂ ನೆನಪಿದೆ, ತಲೆ ತಗ್ಗಿಸುತ್ತಿದ್ದಾರೆ. ನಾನು ಬಾಯಿ ತೆರೆಯುವ ಮೊದಲೇ ತಿದ್ದಣ್ಣ ಎದ್ದು ನಿಂತು, "ಅವನದೇನಿಲ್ಲ. ಕೊನೇ ಪ್ರೂಫ್ ನೋಡಿ ಸರಿ ಇದೆ ಅಂದವನು ನಾನು" ಎಂದರು. ನಾವೆಲ್ಲ ನೆಲ ನೋಡಿದೆವು. ಮೂವತ್ತು ವರ್ಷದಲ್ಲಿ ಮೊದಲ ಸಲ, ಅದೂ ಹೊದಿಕೆಯ ಮೇಲೆ, ಅದೂ ಅವರದೇ ಪುಸ್ತಕದಲ್ಲಿ. "ಪಾಪ, ಔಷಧಿಗೆ ಕಣ್ಣು ಮಂಜಾಗಿದೆ" ಎಂದು ಕೆಲವರು ಪಿಸುಗುಟ್ಟಿದರು. ಪಿಸುಗುಟ್ಟಿದವರಲ್ಲಿ ನಾನೂ ಒಬ್ಬ. ತಪ್ಪು ಮಾಡಿದವನೇ ಕನಿಕರ ತೋರಿಸಿದೆ, ಎಂಥ ಭಂಡತನ.

ಆಮೇಲೆ ಏನಾಯಿತು? ಪುಸ್ತಕ ಹಾರಿಹೋಯಿತು. ಎದುರು ಬೀದಿಯ ಕ್ಷೌರದಂಗಡಿಯವರು ಫೋನ್ ಮಾಡಿದರು. "ಇನ್ನೊಂದು ಕಟ್ಟು ಕಳಿಸಿ ಸಾರ್. ಗಂಡಸರ ಗ್ರಂಥ ಅಂತ ನೋಡಿ ಒಳಗೆ ಬೇರೇನೋ ಇದೆ ಅಂತ ಎತ್ಕೊಂಡು ಕೂರ್ತಾರೆ. ಕೂತವರು ಏಳೋದೇ ಇಲ್ಲ. ಕ್ಷೌರ ಮುಗಿದ ಮೇಲೆ ಜೇಬಲ್ಲಿಟ್ಕೊಂಡು ಹೋಗ್ತಾರೆ." ಬಸ್ ನಿಲ್ದಾಣದಿಂದ ಫೋನು, ಗ್ಯಾರೇಜಿನಿಂದ ಫೋನು. ಎಂಟು ಸಾವಿರ ಎರಡು ತಿಂಗಳಿಗೆ ಸಾಲಲಿಲ್ಲ.

ಒಂದು ಪ್ರತಿ ನಮ್ಮ ಮಿಷನ್ ವಿಭಾಗದಿಂದಲೂ ಮಾಯವಾಯಿತು. ಅದರ ಮೇಲೆ ಶಾಯಿಯ ಬೆರಳಚ್ಚು ಇತ್ತೋ ಇಲ್ಲವೋ ನಾನು ಹೇಳಲಾರೆ. ಹತ್ತು ದಿನದ ಮೇಲೆ ಪೆಟ್ಟಿಗೆಯಲ್ಲಿ ಒಂದು ಚೀಟಿ ಬಿತ್ತು. ಅದನ್ನು ತಿದ್ದಣ್ಣ ಫಲಕಕ್ಕೆ ಹಾಕಲಿಲ್ಲ, ಯಾರಿಗೂ ತೋರಿಸಲಿಲ್ಲ. ಚೀಟಿ ಓದಿದರು, ಎದ್ದರು, ಸೀದಾ ಮಿಷನ್ ಹತ್ತಿರ ನಡೆದರು. ಮಿಷನ್ ಓಡುತ್ತಿತ್ತು. ಆ ಸದ್ದಿನಲ್ಲಿ ಕೇಳಿಸಲೆಂದು ತಮ್ಮನ ಕಿವಿಯ ಹತ್ತಿರ ಬಾಯಿಟ್ಟು ಕೂಗಿದರು. ಅದೇ ಗಳಿಗೆಗೆ ಕಾಗದ ಸಿಕ್ಕಿಕೊಂಡು ಮಿಷನ್ ಗಕ್ಕನೆ ನಿಂತಿತು. ಇಡೀ ಮುದ್ರಣಾಲಯಕ್ಕೆ ಕೇಳಿದ್ದು ಒಂದೇ ಸಾಲು: "ನಾಳೆ ನಿನ್ನ ಪ್ರಾಸ್ಟೇಟಿಗೆ ರಕ್ತ ಕೊಡೋಣ ಬಾರೋ."

ಯಾರೂ ನಗಲಿಲ್ಲ. ಸುಳ್ಳು. ಎಲ್ಲರೂ ನಕ್ಕೆವು. ಶಾಯಣ್ಣನೂ ನಕ್ಕರು. ಮರುದಿನ ಹೋದರು.

ರಕ್ತದ ಲೆಕ್ಕ ಸ್ವಲ್ಪ ಜಾಸ್ತಿ ಬಂತು. ಕೆಲವು ವಾರ ಬಿಟ್ಟು ಮತ್ತೆ ನೋಡಿದರು, ಆಗಲೂ ಜಾಸ್ತಿ. ಸ್ಕ್ಯಾನು, ಆಮೇಲೆ ಸೂಜಿಯಿಂದ ಚೂರು ತೆಗೆದು ಪರೀಕ್ಷೆ. ಸೂಜಿಯ ದಿನ ತಿದ್ದಣ್ಣ ಗಾಲಿಕುರ್ಚಿಯಲ್ಲಿ ಬಂದು ಹೊರಗೆ ಕಾದಿದ್ದರು. "ಮೊದಲ್ನೇ ಸಲ ನಂಗೆ ಸರಿಯಾದ ಕುರ್ಚಿ ಸಿಕ್ಕಿದೆ" ಎಂದರು. ರಿಪೋರ್ಟಿಗಾಗಿ ದಿನ ಎಣಿಸಿದರು. ಒಂದು ದಿನ ಕಡಿಮೆ ಬಿತ್ತು.

ರಿಪೋರ್ಟಿನಲ್ಲಿ ಏನಿದೆ? ಕ್ಯಾನ್ಸರು ಇದೆ. ಆದರೆ ಚಿಕ್ಕದು. ನಿಧಾನದ್ದು. ಗ್ರಂಥಿಯ ಒಳಗೇ ಇದೆ. ಅಣ್ಣನಿಗೆ ಸಿಗದ ಹೊತ್ತು ತಮ್ಮನಿಗೆ ಸಿಕ್ಕಿದೆ — ಕೇಳಿಸಿಕೊಳ್ಳಿ, ಸಿಕ್ಕಿದೆ. ಮೇಡಂ ಹೇಳಿದರು: ಈಗ ಕೊಯ್ಯುವುದು ಬೇಡ, ವಿಕಿರಣವೂ ಬೇಡ. ಹಾಗೇ ಬಿಟ್ಟು ನೋಡುತ್ತಾ ಇರೋಣ. ಕೆಲವು ತಿಂಗಳಿಗೊಮ್ಮೆ ರಕ್ತ, ಹೇಳಿದ ಹೊತ್ತಿಗೆ ಸ್ಕ್ಯಾನು, ಬೇಕಾದರೆ ಮತ್ತೆ ಸೂಜಿ. ಅದು ಬದಲಾದರೆ ಆಗ ಚಿಕಿತ್ಸೆ. ಇಂಥದ್ದನ್ನು ಹೀಗೆ ಕಾಯುತ್ತಾ ವರ್ಷಗಟ್ಟಲೆ ಇರುವವರು ಬೇಕಾದಷ್ಟು ಜನ ಇದ್ದಾರೆ.

ಶಾಯಣ್ಣನಿಗೆ ಕೇಳಿಸಿದ್ದು ಒಂದೇ ಮಾತು, "ಬಿಟ್ಟು". ಹೊರಗೆ ಬಂದು ನನ್ನ ಹತ್ತಿರ, "ಅಣ್ಣನಿಗೆ ಗೊತ್ತಿಲ್ದೆ ಬಿಟ್ಟು ಹೀಗಾಯ್ತು. ನಂಗೆ ಗೊತ್ತಿದ್ದೂ ಬಿಡ್ತಾರಂತೆ. ಬಿಡೋದೇ ಆದ್ರೆ ನಾನೂ ಬಿಟ್ಟೆ. ಇನ್ನು ಆ ಕಡೆ ಕಾಲಿಡಲ್ಲ" ಎಂದರು. ಹತ್ತು ದಿನದಿಂದ ಅದೇ ಮಾತು. ಅತ್ತಿಗೆ ಹೇಳಿ ಸೋತರು, ಮೇಡಂ ಫೋನ್ ಮಾಡಿ ಸೋತರು. ನನ್ನ ಪ್ರಾಸವೂ ಸೋತಿತು.

ಸರಿ. ಈಗ ಲಕೋಟೆ.

ಇದು ಮೊದಲನೆಯದು. ಪುಸ್ತಕದ ಹೊದಿಕೆಯ ಕೊನೆಯ ಪ್ರೂಫ್. ಹಿಂದಿನವರಿಗೆ ಕಾಣುವುದಿಲ್ಲ, ನಾನೇ ಹೇಳುತ್ತೇನೆ. "ಗ್ರಂಥ" ಎಂಬ ನನ್ನ ತಪ್ಪಿನ ಸುತ್ತ ಕೆಂಪು ಸುತ್ತು. ಅಂಚಿನಲ್ಲಿ ದೊಡ್ಡದಾಗಿ ಗುಡಿಸಿನ ಗುರುತು. ಅಂದರೆ — ನೋಡಿದ್ದರು. ಯಜಮಾನರೇ, ನೋಡಿದ್ದರು. ಅವರ ಕಣ್ಣು ಮಂಜಾಗಿರಲಿಲ್ಲ. ಆಮೇಲೆ ಆ ಗುಡಿಸನ್ನು ತಾವೇ ಹೊಡೆದುಹಾಕಿದ್ದಾರೆ. "ಗ್ರಂಥ"ದ ಕೆಳಗೆ ಮೂರು ಚುಕ್ಕಿ. ಪಕ್ಕದಲ್ಲಿ ಒಂದು ಪದ: "ಇರಲಿ".

ನಮ್ಮ ಕಸುಬಿನವರಲ್ಲದವರಿಗೆ ಹೇಳಬೇಕು. ಪ್ರೂಫಿನಲ್ಲಿ ಒಂದು ಪದವನ್ನು ತಿದ್ದಿ, ಮತ್ತೆ ಯೋಚಿಸಿ, ಬೇಡ, ಮೊದಲಿದ್ದ ಹಾಗೇ ಇರಬೇಕು ಅನ್ನಿಸಿದರೆ ಕೆಳಗೆ ಚುಕ್ಕಿ ಇಟ್ಟು "ಇರಲಿ" ಎಂದು ಬರೆಯುತ್ತಾರೆ. ಅದು ಬಂದರೆ ನಾನು ಕೈ ಹಚ್ಚುವ ಹಾಗಿಲ್ಲ. ಅದಕ್ಕೇ ಈ ಹಾಳೆಯನ್ನು ನನಗೆ ಕೊಡದೆ, "ಹೊದಿಕೆ ಸರಿ ಇದೆ, ಕಳಿಸು" ಎಂದು ಬಾಯಲ್ಲೇ ಹೇಳಿ, ಹಾಳೆಯನ್ನು ಡ್ರಾಯರಿಗೆ ಹಾಕಿಕೊಂಡರು. ಕೊಟ್ಟಿದ್ದರೆ ನಾನು ಸುಮ್ಮನಿರುತ್ತಿದ್ದೆನೇ? ಊರಿಗೆಲ್ಲ ಹೇಳುತ್ತಿದ್ದೆ. ಕೆಳಗೆ ಸಣ್ಣಗೆ ಬರೆದಿದ್ದಾರೆ — ಓದುತ್ತೇನೆ —

"ಗ್ರಂಥಿ ಅಂದರೆ ತಮ್ಮ ಮುಟ್ಟುವುದಿಲ್ಲ."

— ಒಂದು ನಿಮಿಷ. ನೀರು ಕುಡಿಯುತ್ತೇನೆ.

ಇದು ಎರಡನೆಯದು. ಶಾಯಣ್ಣನ ಚೀಟಿ. "ಅನ್ನನಿಗೆ ಬಂದಿದ್ದರೆ ತಮ್ಮನಿಗೂ ಬರುತ್ತಾ?" ಶಾಯಣ್ಣನಿಗೆ ಚಿಕ್ಕಂದಿನಿಂದ ದೊಡ್ಡ ಣಕಾರ ಬರುವುದಿಲ್ಲ. ಅಣ್ಣ ಎಂದು ಬರೆಯಲು ಹೋದರೆ ಉಣ್ಣುವ ಅನ್ನ ಆಗುತ್ತದೆ. "ನಲವತ್ತು ವರ್ಷದಿಂದ ನನ್ನನ್ನ ಬಡಿಸ್ತಾನೇ ಇದಾನೆ" ಎಂದು ತಿದ್ದಣ್ಣ ಗೋಳಾಡುತ್ತಿದ್ದರು. ಸಿಕ್ಕಿದ ಕಡೆಯೆಲ್ಲ ಅದನ್ನು ತಿದ್ದಿದ್ದಾರೆ. ರಜೆ ಅರ್ಜಿಯಲ್ಲಿ, ಮದುವೆಯ ಕರೆಯೋಲೆಯಲ್ಲಿ. ಪೆಟ್ಟಿಗೆಗೆ ಬಿದ್ದ ನೂರಾರು ಚೀಟಿಗಳಲ್ಲಿ ತಪ್ಪಿದ್ದೂ ಕೆಂಪು ಪೆನ್ನು ತಿದ್ದದ ಚೀಟಿ ಬೇರೆ ಒಂದೂ ಇಲ್ಲ.

ಈ ಚೀಟಿಯಲ್ಲಿ "ಅನ್ನ" ಹಾಗೇ ಇದೆ. ಕೆಳಗೆ ಮೂರು ಚುಕ್ಕಿ. "ಇರಲಿ".

ಶಾಯಣ್ಣ, ಈಗ ನಿಮ್ಮ ಜೊತೆ ಮಾತಾಡುತ್ತೇನೆ. ಉಳಿದವರು ಕೇಳಿಸಿಕೊಳ್ಳಬಹುದು. ಪ್ರೂಫಿನಲ್ಲಿ ಬಿಟ್ಟಿದ್ದು ಬೇರೆ, ಇರಲಿ ಅಂದಿದ್ದು ಬೇರೆ. ನಾನು ಗುಡಿಸು ಬಿಟ್ಟೆ — ನೋಡದೆ. ಕುರ್ಚಿ ಬದಲಾಯಿಸುತ್ತಾ ನಾವೆಲ್ಲ ಎಂಟು ತಿಂಗಳು ಬಿಟ್ಟೆವು — ನೋಡದೆ. ನಿಮ್ಮಣ್ಣ ನೋಡಿದರು, ಪೆನ್ನು ಹಚ್ಚಿದರು, ಮತ್ತೆ ಯೋಚಿಸಿದರು, ಆಮೇಲೆ ಇರಲಿ ಅಂದರು. ಮೇಡಂ ಹೇಳಿದ್ದೂ ಅದನ್ನೇ. ಅವರ ಬಾಯಲ್ಲಿ "ಬಿಟ್ಟು" ಅಂತ ಬಂತು, ಅವರು ನಮ್ಮ ಕಸುಬಿನವರಲ್ಲ, ಏನು ಮಾಡುವುದು. ಆದರೆ ಇರಲಿ ಅಂದ ಪುಟವನ್ನು ಮರುಮುದ್ರಣ ಬಂದಾಗಲೆಲ್ಲ ನಿಮ್ಮಣ್ಣ ತೆಗೆದು ನೋಡುತ್ತಿದ್ದರೋ ಇಲ್ಲವೋ? ಈಗಲೂ ಇರಬಹುದೇ, ಇಲ್ಲ ತಿದ್ದುವ ಹೊತ್ತು ಬಂತೇ ಎಂದು? ನೋಡುವವರು ಇದ್ದರೆ ಮಾತ್ರ ಅದು "ಇರಲಿ". ನೀವು ಸೋಮವಾರ ಹೋಗದಿದ್ದರೆ — ಅದು ಬಿಟ್ಟ ಹಾಗೆ.

ಮೂವತ್ತು ವರ್ಷ ನಿಮ್ಮ ಮಿಷನ್ನಿಗೆ ಈ ಗುರುತಿನ ಪುಟಗಳು ಬಂದಿವೆ. ನಿಮ್ಮಣ್ಣ ಇರಲಿ ಅಂದದ್ದನ್ನು ಒಂದು ಸಲವಾದರೂ ಮೀರಿದ್ದೀರಾ?

— ತಲೆ ಅಲ್ಲಾಡಿಸುತ್ತಿದ್ದಾರೆ. ಇಲ್ಲವಂತೆ.

ತಗೊಳ್ಳಿ. ಈ ಚೀಟಿ ಹಿಂದಕ್ಕೆ ದಾಟಿಸಿ, ಹೊಲಿಗೆ ಮಾವ. ಇದು ನಿಮ್ಮದು ಶಾಯಣ್ಣ. ಹೊದಿಕೆಯ ಪ್ರೂಫನ್ನು ಯಜಮಾನರು ಚೌಕಟ್ಟು ಹಾಕಿಸಿ ಆ ಫಲಕದ ಪಕ್ಕದಲ್ಲೇ ಹಾಕುತ್ತಾರಂತೆ. ಅವರು ಇನ್ನೂ ಹಾಗೆ ಹೇಳಿಲ್ಲ, ಈಗ ಹೇಳುತ್ತಾರೆ.

— ಏನಂದಿರಿ? ಸ್ವಲ್ಪ ಜೋರಾಗಿ. ಮಿಷನ್ ನಿಂತಿದೆ, ಕೇಳಿಸುತ್ತದೆ.

— ಮೇಡಂ, ಸೋಮವಾರ ಎಷ್ಟು ಗಂಟೆಗೆ ಅಂತ ಕೇಳುತ್ತಿದ್ದಾರೆ.

— ಹತ್ತೂವರೆಗಂತೆ ಶಾಯಣ್ಣ. ಅಂಗೈ ಮೇಲೆ ಬರೆದುಕೊಳ್ಳಬೇಡಿ, ಆ ಕೈಯಲ್ಲಿ ಕಾಣುವುದಿಲ್ಲ. ಚೀಟಿಯ ಹಿಂದೆ ಬರೆದುಕೊಳ್ಳಿ.

ನನ್ನ ಮಾತು ಮುಗಿಯಿತು. ಉಳಿದ ಹದಿಮೂರು ಗಂಡಸರಿಗೆ ಹೊಸದಾಗಿ ಹೇಳುವುದೇನಿಲ್ಲ, ಪೆಟ್ಟಿಗೆ ಅಲ್ಲೇ ಇದೆ. ಇನ್ನು ಮೇಲೆ ಉತ್ತರ ಮೇಡಂ ಬರೆಯುತ್ತಾರೆ, ಕಾಗುಣಿತ ನಾನು ನೋಡುತ್ತೇನೆ. ನಿಮ್ಮ ಗುರುತು ನನಗೆ ಸಿಗುವುದಿಲ್ಲ, ಧೈರ್ಯವಾಗಿರಿ. ಅಷ್ಟು ಕಣ್ಣು ನನಗಿಲ್ಲ.

ಈಗ ತಿದ್ದಣ್ಣನಿಗಾಗಿ ಎಲ್ಲರೂ ಎದ್ದು ನಿಲ್ಲಬೇಕೆಂದು ಕೇಳಿಕೊಳ್ಳುತ್ತೇನೆ. ಅತ್ತಿಗೆ, ನೀವು ಕುಳಿತೇ ಇರಿ. ಎರಡು ನಿಮಿಷ ಮೌನ. ನಡುವೆ ಯಾರಿಗಾದರೂ ಹೊರಗೆ ಹೋಗಬೇಕಾಗಿ ಬಂದರೆ ನಾಚಿಕೊಳ್ಳದೆ ಹೋಗಿ ಬನ್ನಿ, ಆಮೇಲೆ ಡಾಕ್ಟರಿಗೂ ಹೇಳಿ. ಕುರ್ಚಿ ಸದ್ದಾದರೆ, ಕೆಮ್ಮು ಬಂದರೆ, ಅಳು ಬಂದರೆ —

ಇರಲಿ.